ಗಾಳಿಮಳೆ ಕಳೆದ ಮೇಲೆ ಆಗುಂಬೆಗೆ ಹೋಗುವವರಿಗೆ

ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಆಗುಂಬೆಗೆ ಹೊರಟಿದ್ದೀರಾ? ಜೋರು ಗಾಳಿಮಳೆ ಬಂತು ಅಂತ ಟ್ರಿಪ್ ಕ್ಯಾನ್ಸಲ್ ಮಾಡಬೇಡಿ. ಒಂದು ದಿನ ಮುಂದೆ ಹಾಕಿ, ಸಾಕು. ಬೇಸಿಗೆಯಲ್ಲಿ ಘಾಟಿ ಮೇಲೆ ನಿಂತು ಕರಾವಳಿ ಕಡೆ ನೋಡಿದರೆ ಬರೀ ಮಬ್ಬು. ಒಂದು ಒಳ್ಳೆ ಮಳೆ ಅದನ್ನೆಲ್ಲ ತೊಳೆದುಬಿಡುತ್ತದೆ. ನಾವು ಹೋದ ಸಂಜೆ ಸೂರ್ಯಾಸ್ತದ ಕಟ್ಟೆಯಿಂದ ದೂರದಲ್ಲಿ ಅರಬ್ಬೀ ಸಮುದ್ರ ಬರಿಗಣ್ಣಿಗೇ ಕಂಡಿತು.

ಉಡುಪಿಯಿಂದ ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ ಮೇಲೆ ಹೋದರೆ ಸುಮಾರು 55 ಕಿ.ಮೀ. ಮಂಗಳೂರಿನವರು ಕಾರ್ಕಳದ ಮೇಲೆ ಬಂದು ಹೆಬ್ರಿ ಸೇರಬಹುದು. ಪೆಟ್ರೋಲು ಹೆಬ್ರಿಯಲ್ಲೇ ತುಂಬಿಸಿಕೊಳ್ಳಿ. ಘಾಟಿ ರಸ್ತೆ ತೆರೆದಿದೆಯಾ ಅಂತ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲೇ ಕೇಳಿ. ಮೇಲಿಂದ ಆಗಷ್ಟೇ ಇಳಿದ ಮಿನಿ ಬಸ್ಸಿನ ಡ್ರೈವರ್ ಹೇಳುವಷ್ಟು ಸರಿಯಾಗಿ ಯಾವ ಮ್ಯಾಪೂ ಹೇಳುವುದಿಲ್ಲ.

ಸೋಮೇಶ್ವರ ದಾಟಿದ ಮೇಲೆ 14 ಹೇರ್‌ಪಿನ್ ತಿರುವುಗಳು. ಗಾಳಿಯ ಮರುದಿನ ಅಲ್ಲಿ ನಿಜವಾದ ತೊಂದರೆ ಬಿದ್ದ ಮರದ್ದಲ್ಲ. ದೊಡ್ಡ ಮರವನ್ನು ಕೊಯ್ದು ಬದಿಗೆ ಸರಿಸಿರುತ್ತಾರೆ. ಆದರೆ ಹಸಿ ಎಲೆ, ಮರದ ಹುಡಿ, ಕೆಂಪು ಮಣ್ಣು ಎಲ್ಲ ಸೇರಿ ತಿರುವಿನಲ್ಲಿ ಹಾಸಿಕೊಂಡಿರುತ್ತದೆ. ಬೈಕಿನವರು ಅಲ್ಲಿ ಬ್ರೇಕ್ ಒತ್ತಿದರೆ ಜಾರುವುದು ಖಂಡಿತ. ಮೊದಲೇ ಗೇರ್ ಇಳಿಸಿಕೊಳ್ಳಿ. ಫೋಟೋಕ್ಕೆ ಅಂತ ಮರದಡಿ ಗಾಡಿ ನಿಲ್ಲಿಸಬೇಡಿ. ಮುರಿದ ಕೊಂಬೆ ಇನ್ನೊಂದು ಕೊಂಬೆಗೆ ಸಿಕ್ಕಿಕೊಂಡು ಮೇಲೆ ನೇತಾಡುತ್ತಿರುತ್ತದೆ, ಕೆಳಗಿನಿಂದ ಕಾಣುವುದೇ ಇಲ್ಲ.

ಊರಿನಲ್ಲಿ ಕರೆಂಟು ಇರಲಿಲ್ಲ. ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುವ ಜಾಗ, ಮಳೆಗೆ ಅಲ್ಲಿಯವರು ಹೆದರುವವರಲ್ಲ. ಗಾಳಿಯದ್ದೇ ಚಿಂತೆ. ರಸ್ತೆ ಪಕ್ಕದ ಒಂದು ತೋಟದಲ್ಲಿ ಅಡಿಕೆ ಮರಗಳು ನಡುವಿಗೇ ಮುರಿದು ಬಿದ್ದಿದ್ದವು. ಮುರಿದಲ್ಲಿ ಬಿಳಿ ನಾರು ಸಿಗಿದುಕೊಂಡು ನಿಂತಿತ್ತು. ಮನೆಯವರು ಬಿದ್ದ ಗೊನೆಯಿಂದ ಎಳೆಕಾಯಿ ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದರು. ಒಂದು ಅಡಿಕೆ ಮರ ಫಸಲಿಗೆ ಬರಲು ಐದಾರು ವರ್ಷ ಬೇಕು. ಅಂಥ ಕಡೆ ಮೊಬೈಲ್ ಎತ್ತಿಕೊಂಡು ತೋಟಕ್ಕೆ ನುಗ್ಗುವುದು ಬೇಡ, ಅಲ್ವಾ?

ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಹಾಗಾಗಿ ಕೈಯಲ್ಲಿ ಚಿಲ್ಲರೆ ನೋಟು ಇರಲಿ. ಟಾರ್ಚು, ಪವರ್‌ಬ್ಯಾಂಕು ಬೇಕೇ ಬೇಕು. ಹೋಟೆಲಿನಲ್ಲಿ ಏನಿದೆಯೋ ಅದನ್ನೇ ತಿನ್ನಿ. ನಮಗೆ ಬಿಸಿ ಗಂಜಿ, ಉಪ್ಪಿನಕಾಯಿ ಸಿಕ್ಕಿತು. ಆ ಚಳಿಗೆ ಅದಕ್ಕಿಂತ ಬೇರೇನೂ ಬೇಕೆನಿಸಲಿಲ್ಲ.

ತೀರ್ಥಹಳ್ಳಿ ಕಡೆಯ ಕುಂದಾದ್ರಿಗೆ ಹೋಗುವುದಿದ್ದರೆ ಬೆಳಿಗ್ಗೆಯೇ ಹತ್ತಿ ಇಳಿಯಿರಿ. ಮೇಲೆ ಪಾರ್ಶ್ವನಾಥ ಬಸದಿ, ಕೊಳ, ಸುತ್ತ ಬಯಲು ಬಂಡೆ. ಈ ಕಾಲದಲ್ಲಿ ಗುಡುಗು ಸಿಡಿಲು ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಶುರು. ಬಂಡೆ ಮೇಲೆ ಆಗ ಇರಲೇಬಾರದು. ಕಾಡಿನೊಳಗಿನ ಜಲಪಾತಗಳನ್ನು ಈ ಸಲಕ್ಕೆ ಬಿಟ್ಟುಬಿಡಿ. ದಾರಿಯಲ್ಲಿ ಮರ ಬಿದ್ದಿರುತ್ತದೆ, ಜೊತೆಗೆ ರಕ್ತ ಹೀರುವ ಇಂಬಳದ (ಜಿಗಣೆ) ಕಾಟ.

ಸೂರ್ಯಾಸ್ತ ನೋಡಿ ಅದೇ ರಾತ್ರಿ ಘಾಟಿ ಇಳಿಯುವ ಲೆಕ್ಕ ಹಾಕಬೇಡಿ. ಕಟ್ಟೆ ಘಾಟಿಯ ತುದಿಯಲ್ಲೇ ಇದೆ, ವಾಪಸ್ ಊರಿಗೆ ಹೋಗಿ ಉಳಿಯುವುದು ಸುಲಭ. ರೂಮಿಗೆ ಹಿಂದಿನ ದಿನವೇ ಫೋನ್ ಮಾಡಿ. ರಿಂಗ್ ಆಗದಿದ್ದರೆ ಊರಿನಲ್ಲಿ ಇನ್ನೂ ಕರೆಂಟು ಬಂದಿಲ್ಲ ಅಂತ ತಿಳಿದು, ಇನ್ನೊಂದು ದಿನ ಬಿಟ್ಟು ಹೊರಡಿ.