ಬೂಷ್ಟು ಹಿಡಿದ ಬೇಸ್‌ಮೆಂಟ್, ದಾರಕ್ಕೆ ಕಟ್ಟಿದ ಕೀ

ಬಾಗಿಲು ತೆಗೆದು ಎರಡು ಮೆಟ್ಟಿಲು ಇಳಿದಿದ್ದೆ ಅಷ್ಟೆ, ಮೂಗಿಗೆ ಗೊತ್ತಾಯಿತು. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಕಂಬಳಿಯ ಮಡಿಕೆ ಬಿಚ್ಚಿದರೆ ಬರುತ್ತಲ್ಲ, ಅದೇ ಮುಗ್ಗಲು ವಾಸನೆ. ತೀರ್ಥಹಳ್ಳಿ ಕಡೆ ಹುಟ್ಟಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಏಜೆಂಟ್ ಮೇಲಿನಿಂದಲೇ, "ಹಳೇ ಮನೆ ಅಲ್ವಾ, ಎರಡು ದಿನ ಕಿಟಕಿ ತೆಗೆದಿಟ್ಟರೆ ಹೋಗುತ್ತೆ" ಅಂದರು. ಕಿಟಕಿ ಅಂದ್ರೆ ಸೂರಿನ ಹತ್ತಿರ ಒಂದು ಗೇಣು ಎತ್ತರದ ಗಾಜು, ಅದೂ ಬಣ್ಣ ಮೆತ್ತಿಕೊಂಡು ತೆಗೆಯಲು ಬರುತ್ತಿರಲಿಲ್ಲ.

ಇದು ಡೆಟ್ರಾಯಿಟ್ ಹೊರವಲಯದ ಮನೆ, 1962ರಲ್ಲಿ ಕಟ್ಟಿದ್ದು. ನಾವು ಹತ್ತು ತಿಂಗಳಿಂದ ಹುಡುಕುತ್ತಿದ್ದೇವೆ. ಮೇಲ್ಗಡೆ ಎಲ್ಲ ಚೆಂದ. ಅಡುಗೆಮನೆಗೆ ಬೆಳಗಿನ ಬೆಳಕು, ಹಿತ್ತಲಲ್ಲಿ ದೊಡ್ಡ ಮೇಪಲ್ ಮರ, ಮಗಳ ಸ್ಕೂಲಿಗೆ ನಡೆದೇ ಹೋಗಬಹುದು, ಮತ್ತು ಬೆಲೆ ಅದೇ ಬೀದಿಯ ಬೇರೆ ಮನೆಗಳಿಗಿಂತ ಮೂವತ್ತು ಸಾವಿರ ಡಾಲರ್ ಕಡಿಮೆ. ಯಾಕೆ ಕಡಿಮೆ ಅಂತ ಕೆಳಗಿಳಿದ ಮೇಲೆ ತಿಳಿಯಿತು.

ಊರಲ್ಲಿ ಇರುವವರಿಗೆ ಒಂದು ಮಾತು. ಮಿಷಿಗನ್ನಿನ ಈ ಭಾಗದಲ್ಲಿ ಚಳಿಗಾಲಕ್ಕೆ ನೆಲವೇ ಹೆಪ್ಪುಗಟ್ಟುತ್ತದೆ, ಹಾಗಾಗಿ ಅಡಿಪಾಯ ಕನಿಷ್ಠ 42 ಇಂಚು ಕೆಳಗೆ ಹೋಗಬೇಕು ಅಂತ ನಿಯಮ. ಹೇಗೂ ಅಷ್ಟು ಅಗೆಯುತ್ತೇವಲ್ಲ ಅಂತ ಇನ್ನಷ್ಟು ಅಗೆದು ಒಂದು ಮಹಡಿಯನ್ನೇ ಮಣ್ಣೊಳಗೆ ಇಳಿಸಿಬಿಡುತ್ತಾರೆ. ಬಟ್ಟೆ ಒಗೆಯುವ ಮೆಷಿನ್, ಮನೆ ಬಿಸಿ ಮಾಡುವ ಫರ್ನೇಸ್, ಉಪ್ಪಿನಕಾಯಿ ಜಾಡಿ ಎಲ್ಲ ಅಲ್ಲಿಯೇ. ಮಣ್ಣು ಹೆಚ್ಚಾಗಿ ಜೇಡಿ, ನೀರನ್ನು ಬೇಗ ಬಿಡುವುದಿಲ್ಲ. 2014ರ ಆಗಸ್ಟಿನಲ್ಲಿ, ಆಮೇಲೆ 2021ರ ಜೂನಿನಲ್ಲಿ ಸುರಿದ ಮಳೆಗೆ ಈ ಊರಲ್ಲಿ ಸಾವಿರಾರು ಬೇಸ್‌ಮೆಂಟುಗಳು ಮುಳುಗಿದ್ದವು. ಇನ್ನೊಂದು ತಮಾಷೆ ಅಂದ್ರೆ, ಬೆಂಗಳೂರಲ್ಲಿ ಸಂಪ್ ಅಂದರೆ ಕಾವೇರಿ ನೀರು ತುಂಬಿಸಿಟ್ಟುಕೊಳ್ಳುವ ತೊಟ್ಟಿ. ಇಲ್ಲಿ ಸಂಪ್ ಅಂದರೆ ಕರೆಯದೆ ಬಂದ ನೀರನ್ನು ಪಂಪ್ ಹಾಕಿ ಆಚೆ ಎಸೆಯುವ ಗುಂಡಿ.

ಕೆಳಗೆ, ಬಟ್ಟೆ ಒಣಗಿಸುವ ಡ್ರೈಯರ್ ಇದ್ದ ಮೂಲೆಯಲ್ಲಿ ಬೂಷ್ಟು. ಕಪ್ಪಗೆ, ಚುಕ್ಕೆ ಚುಕ್ಕೆಯಾಗಿ, ಊಟದ ಬಾಳೆಲೆ ಎರಡು ಹಾಸಿದಷ್ಟು ಅಗಲ. ಇವರು ಅದನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಇವರ ಊರು ಚಿತ್ರದುರ್ಗದ ಕಡೆ, ಗೋಡೆಯಲ್ಲಿ ನೀರು ಬಂತು ಅಂದ್ರೆ ಪೂಜೆ ಮಾಡುವ ಸೀಮೆ, ಪಾಪ ಬೂಷ್ಟು ಕಂಡವರಲ್ಲ. "ಮಗಳಿಗೆ ಮೊದಲೇ ಕೆಮ್ಮು, ನಡಿಯೇ ಹೋಗೋಣ" ಅಂದರು. ನನಗೆ ನಗು. ನಮ್ಮಲ್ಲಿ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ದೇವರ ಫೋಟೋದ ಹಿಂಬದಿ, ಯಾವುದಕ್ಕೆ ಬರುವುದಿಲ್ಲ ಹೇಳಿ. ಹಾಗಂತ ಅವರ ಭಯ ಸುಳ್ಳೂ ಅಲ್ಲ. ಬಿಸಿ ಗಾಳಿ ಮೇಲೇರುತ್ತಾ ಕೆಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ಬೇಸ್‌ಮೆಂಟಿನ ಗಾಳಿಯಲ್ಲಿ ಸ್ವಲ್ಪ ಪಾಲು ಮಲಗುವ ಕೋಣೆಗೂ ಬಂದೇ ಬರುತ್ತದೆ.

ಸಮಾಧಾನಕ್ಕೆ ನಾನು ಎದುರಿನ ಗೋಡೆ ತೋರಿಸಿದೆ. ಬೆಳ್ಳಗೆ, ಹೊಸ ಬಣ್ಣ, ಒಂದು ಕಲೆ ಇಲ್ಲ. "ನೋಡಿ, ಉಳಿದಿದ್ದೆಲ್ಲ ಚೆನ್ನಾಗೇ ಇದೆ." ಈಗ ನೆನೆಸಿಕೊಂಡರೆ ನನ್ನ ಬುದ್ಧಿಗೆ ನಾನೇ ಕೈ ಮುಗಿಯಬೇಕು.

ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೆಗೆದ ಫೋಟೋಗಳನ್ನೆಲ್ಲ ಕಳಿಸಿದೆ. ನಮ್ಮ ಮನೆಯ ಹಿಂದೆ ಎರಡಾಳೆತ್ತರದ ಧರೆ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಅಪ್ಪ ಧರೆ ಬುಡದಲ್ಲಿ ಕಾಲುವೆ ತೋಡಿ ನೀರನ್ನು ತೋಟದ ಕಡೆ ತಿರುಗಿಸುತ್ತಿದ್ದರು. ಒಂದು ವರ್ಷ ಜ್ವರ ಬಂದು ಮಲಗಿದರು, ಕಾಲುವೆ ಹಾಗೇ ಉಳಿಯಿತು. ಆ ಸಲ ನಡುಮನೆಯ ನೆಲದಲ್ಲೇ ಜಲ ಎದ್ದು, ಗೋಣಿಚೀಲ ಹಾಸಿಕೊಂಡು ಓಡಾಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಅಪ್ಪ ಕಪ್ಪು ಮೂಲೆಯ ಫೋಟೋ ಮೇಲೆ ಎರಡು ಕ್ಷಣವೂ ನಿಲ್ಲಲಿಲ್ಲ. "ಬೂಷ್ಟು ಇರ್ಲಿ ಮಾರಾಯ್ತಿ, ಉಜ್ಜಿದ್ರೆ ಹೋಗುತ್ತೆ. ನೀರು ಎಲ್ಲಿಂದ ಬರ್ತದೆ ಅಂತ ನೋಡಿದ್ಯಾ?" ಅಂದರು. ಆಮೇಲೆ, "ಈ ಗೋಡೆ ಒಂದಕ್ಕೇ ಎಂಥಕ್ಕೆ ಹೊಸ ಬಣ್ಣ?"

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಎರಡನೇ ಸಲ ಬೇಕೆಂತಲೇ ಮಳೆ ಬರುವ ಸಂಜೆ ನೋಡಿಕೊಂಡು ಹೋದೆವು. ಮನೆ ನೋಡುವುದಿದ್ದರೆ ಮಳೆಯಲ್ಲೇ ನೋಡಿ, ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೊರಗೆ ಕೊಡೆ ಹಿಡಿದು ನಿಂತರೆ ಕಥೆಯೆಲ್ಲ ಕಾಣುತ್ತಿತ್ತು. ಸೂರಿನ ದೋಣಿ ತುಂಬ ಮೇಪಲ್ ಎಲೆ, ನೀರು ಅಂಚು ಮೀರಿ ಸುರಿಯುತ್ತಿದೆ. ಕೆಳಗಿಳಿಸುವ ಪೈಪು ಗೋಡೆಯ ಬುಡಕ್ಕೇ ಬಿಟ್ಟಿದೆ. ನೆಲ ಮನೆಯಿಂದ ಆಚೆಗೆ ಇಳಿಜಾರಾಗಿರಬೇಕು, ಮೊದಲ 10 ಅಡಿಯಲ್ಲಿ 6 ಇಂಚಾದರೂ. ಇಲ್ಲಿ ಕಾರು ನಿಲ್ಲಿಸುವ ಕಾಂಕ್ರೀಟೇ ಮನೆಯ ಕಡೆಗೆ ವಾಲಿತ್ತು. ಅದರ ಪಕ್ಕಕ್ಕೆ ಯಾವ ಗೋಡೆ ಅಂತೀರಾ? ಆ ಬಿಳಿ ಗೋಡೆಯೇ.

ಕೆಳಗೆ ಹೋಗಿ ಅಪ್ಪ ಹೇಳಿದ ಕೆಲಸ ಮಾಡಿದೆ. ಮೇಸ್ತ್ರಿಗಳ ತೂಕದ ಗುಂಡು ನಮ್ಮ ಹತ್ತಿರ ಎಲ್ಲಿಂದ ಬರಬೇಕು, ಹೊಲಿಗೆ ದಾರಕ್ಕೆ ಕಾರಿನ ಕೀ ಕಟ್ಟಿದೆ. ಇವರು ಸ್ಟೂಲ್ ಹತ್ತಿ ದಾರದ ತುದಿಯನ್ನು ಗೋಡೆಯ ನೆತ್ತಿಗೆ ಒತ್ತಿ ಹಿಡಿದರು. ದಾರ ಗೋಡೆಗೆ ಅಂಟಿಕೊಂಡೇ ಇಳಿಯಿತು, ನನ್ನ ಎದೆಮಟ್ಟದವರೆಗೆ. ಅಲ್ಲಿಂದ ಕೆಳಗೆ ಗೋಡೆಯನ್ನು ಬಿಟ್ಟಿತು. ನೆಲದ ಹತ್ತಿರ ಕೀಗೂ ಗೋಡೆಗೂ ನಡುವೆ ನನ್ನ ಹೆಬ್ಬೆರಳು ಆರಾಮಾಗಿ ತೂರಿತು. ಗೋಡೆ ಹೊಟ್ಟೆ ಬಿಟ್ಟಿತ್ತು! ಟಾರ್ಚನ್ನು ಓರೆಯಾಗಿ ಹಿಡಿದಾಗ ಆ ಎದೆಮಟ್ಟದಲ್ಲೇ, ಬಣ್ಣದಡಿಯಲ್ಲಿ, ಅಡ್ಡಡ್ಡ ಒಂದು ಬಿರುಕಿನ ಗೆರೆ. ಬುಡದಲ್ಲಿ ಬಣ್ಣ ಹಪ್ಪಳದಂತೆ ಎದ್ದಿತ್ತು, ಉಗುರಲ್ಲಿ ಕೆರೆದರೆ ಬಿಳಿ ಪುಡಿ. ನೀರು ಗೋಡೆ ದಾಟಿ ಬಂದು ಆರಿದ ಮೇಲೆ ಉಳಿಯುವ ಉಪ್ಪು ಅದು.

ಆಮೇಲೆ ಮುಂಗಡ ಕೊಟ್ಟು, ಕೊಳ್ಳುವ ಮೊದಲು ಮನೆ ಪರೀಕ್ಷಿಸಿ ಹೇಳುವ ಇನ್‌ಸ್ಪೆಕ್ಟರ್‌ನನ್ನು ಕರೆಸಿದೆವು. ಆತ ಬಂದು ಲೇಸರ್ ಇಟ್ಟು ಅಳೆದ: ಮುಕ್ಕಾಲು ಇಂಚು. ಕಪ್ಪು ಮೂಲೆಗೆ ಆತ ಹೇಳಿದ್ದು ಕೇಳಿ ಇವರು ಪೆಚ್ಚಾದರು. ಡ್ರೈಯರ್‌ನ ಹಬೆ ಹೊರಗೆ ಹೋಗುವ ಕೊಳವೆ ಹಿಂದೆ ಕಳಚಿಕೊಂಡಿತ್ತು, ವರ್ಷಗಟ್ಟಲೆ ಬಿಸಿ ಹಬೆ ತಣ್ಣಗಿನ ಗೋಡೆಗೆ ಬಡಿದು ಅಲ್ಲೇ ನೀರಾಗಿದೆ. ಕೊಳವೆ ಸಿಕ್ಕಿಸಿ, ಸೋಪು ನೀರಲ್ಲಿ ಉಜ್ಜಿ, ಗಾಳಿಯ ತೇವ ಹೀರುವ ಮೆಷಿನ್ ಒಂದು ಇಟ್ಟರೆ ಮುಗಿಯಿತು. 10 ಚದರ ಅಡಿಗಿಂತ ಕಡಿಮೆ ಬೂಷ್ಟನ್ನು ನಾವೇ ತೆಗೆಯಬಹುದು ಅಂತ ಇಲ್ಲಿನ ಸರ್ಕಾರಿ ಸಲಹೆಯೇ ಇದೆ. ಬಿಳಿ ಗೋಡೆಯದು ಬೇರೆಯೇ ಲೆಕ್ಕ. ನೆನೆದ ಜೇಡಿ ಉಬ್ಬುತ್ತದೆ, ಚಳಿಗೆ ಅದರೊಳಗಿನ ನೀರು ಹೆಪ್ಪುಗಟ್ಟಿ ಇನ್ನೂ ಉಬ್ಬುತ್ತದೆ, ಟೊಳ್ಳು ಬ್ಲಾಕಿನ ಗೋಡೆಯನ್ನು ವರ್ಷ ವರ್ಷ ಒಳಕ್ಕೆ ತಳ್ಳುತ್ತದೆ. ನಿಂತಿರುವ ಬಿರುಕು ಸಾಮಾನ್ಯವಾಗಿ ಗೋಡೆ ಒಣಗುವಾಗ ಬಂದದ್ದು, ಮಲಗಿರುವ ಬಿರುಕು ಹೊರಗಿನ ಒತ್ತಡದ್ದು ಅಂತ ಆತ ಬೆರಳಲ್ಲಿ ತೋರಿಸಿ ಹೇಳಿದ.

ರಿಪೇರಿ ಆಗದ ಕೆಲಸವೇನಲ್ಲ. ಗೋಡೆಗೆ ಉಕ್ಕಿನ ಕಂಬ, ಒಳಗೆ ಸುತ್ತಲೂ ಕಾಲುವೆ, ಸಂಪ್ ಪಂಪ್, ಹೊರಗಿನ ಕಾಂಕ್ರೀಟ್ ಒಡೆದು ಮತ್ತೆ ಹಾಕುವುದು, ಎಲ್ಲ ಸೇರಿ ಇಪ್ಪತ್ತಾರು ಸಾವಿರ ಡಾಲರ್ ಅಂದಾಜು ಬಂತು. ಮೂವತ್ತು ಸಾವಿರ ಕಡಿಮೆಗೆ ಸಿಗುತ್ತಿದೆಯಲ್ಲ, ನಾಲ್ಕು ಸಾವಿರ ಲಾಭ ಅಂತ ಇವರು ಎಕ್ಸೆಲ್ ಹಾಕಿ ಕೂತರು. ಈಗ ನೋಡಿ, ಬೂಷ್ಟಿಗೆ ಓಡಿಹೋಗುತ್ತಿದ್ದವರು ತಗೊಳ್ಳೋಣ ಅಂತಾರೆ, ನಕ್ಕವಳು ಬೇಡ ಅಂತೀನಿ. ಎರಡು ರಾತ್ರಿ ಇದೇ ಮಾತು, ಊಟದ ತಟ್ಟೆ ಒಣಗುವವರೆಗೆ.

ನನಗೆ ತಡೆದದ್ದು ದುಡ್ಡಲ್ಲ. ಸಾಮಾನ್ಯ ಮನೆ ವಿಮೆ ನೆಲದಿಂದ ಒಸರುವ ನೀರಿಗೆ ಒಂದು ಡಾಲರೂ ಕೊಡುವುದಿಲ್ಲ, ಅದೂ ಇರಲಿ. ಮಾರುವವರು ತುಂಬಿಕೊಡುವ ಫಾರಂನಲ್ಲಿ ಬೇಸ್‌ಮೆಂಟಿಗೆ ನೀರು ಬಂದ ಗುರುತು ಇದೆಯಾ ಅಂತ ನೇರವಾಗಿಯೇ ಕೇಳುತ್ತಾರೆ. "ಇಲ್ಲ" ಅಂತ ಗುರುತು ಹಾಕಿದ್ದರು. ಬಿರುಕಿನ ಮೇಲೆ ಬಣ್ಣ ಬಳಿದು "ಇಲ್ಲ" ಅಂದವರು ಇನ್ನೂ ಎಲ್ಲೆಲ್ಲಿ ಬಣ್ಣ ಬಳಿದಿದ್ದಾರೋ? ಕಪ್ಪು ಮೂಲೆಯನ್ನು ಹಾಗೇ ಬಿಟ್ಟಿದ್ದಕ್ಕೆ ಅವರ ಮೇಲೆ ನನಗೆ ಸಿಟ್ಟಿಲ್ಲ, ಅದು ಕಣ್ಣಿಗೆ ಕಾಣುತ್ತಿತ್ತು.

ಇನ್‌ಸ್ಪೆಕ್ಷನ್ ಗಡುವು ಮುಗಿಯುವ ಹಿಂದಿನ ದಿನ ಬೇಡ ಅಂತ ಬರೆದು ಕಳಿಸಿದೆವು. ಮುಂಗಡ ವಾಪಸ್ ಬಂತು, ಇನ್‌ಸ್ಪೆಕ್ಟರ್‌ಗೆ ಕೊಟ್ಟ ನಾನೂರೈವತ್ತು ಡಾಲರ್ ಹೋಯಿತು. ಮೇಪಲ್ ಮರ ಹೋಯಿತಲ್ಲ ಅಂತ ಮಗಳು ಅತ್ತಳು.

ಈ ಶನಿವಾರ ಇನ್ನೊಂದು ಮನೆ ನೋಡಲು ಹೋಗುತ್ತಿದ್ದೇವೆ. ಜಾಹೀರಾತಿನಲ್ಲಿ 34 ಫೋಟೋ ಹಾಕಿದ್ದಾರೆ, ಬೇಸ್‌ಮೆಂಟಿನದು ಒಂದೂ ಇಲ್ಲ. ದಾರದುಂಡೆ ಬ್ಯಾಗಿಗೆ ಹಾಕಿಟ್ಟಿದ್ದೇನೆ. ಮಳೆ ಬರುವ ಲಕ್ಷಣ ಮಾತ್ರ ಇಲ್ಲ.