ಏಳರ ಲೆಕ್ಕ, ಹತ್ತರ ಗಡುವು

ಶಿವಮೊಗ್ಗದಲ್ಲಿ ಬಸ್ಸು ಹತ್ತಿದವನೇ ನದಿ ಕಾಣುವ ಕಡೆಯ ಕಿಟಕಿ ಹಿಡಿದು ಕೂತೆ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ ದಾಟಿದ ಮೇಲೂ ತುಂಗೆ ಆಗಾಗ ಮರಗಳ ಸಂದಿಯಲ್ಲಿ ಮುಖ ತೋರಿಸುತ್ತಿದ್ದಳು. ಮಂಡಗದ್ದೆಯ ನಡುಗಡ್ಡೆಯ ಮರಗಳು ಬಿಕೋ ಎನ್ನುತ್ತಿದ್ದವು. ಅಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳು ಮಳೆಗಾಲದ ನೆಂಟರು, ನಾನು ಹೋದದ್ದು ಜನವರಿಯಲ್ಲಿ. ಹಕ್ಕಿ ನೋಡುವ ಉದ್ದೇಶವೂ ನನಗಿರಲಿಲ್ಲ. ತೀರ್ಥಹಳ್ಳಿಯಿಂದಾಚೆ ಒಂದು ಅಡಿಕೆ ತೋಟದ ಅಂಗಳದಲ್ಲಿ ಐದು ಬ್ಯಾಂಡುಗಳು ಪ್ರೋಗ್ರೆಸಿವ್ ರಾಕ್ ಎಂಬ ಪಾಶ್ಚಾತ್ಯ ಸಂಗೀತ ನುಡಿಸುತ್ತವೆ ಎಂದು ಗೆಳೆಯನೊಬ್ಬ ಹೇಳಿದ್ದ. ಆ ಊರಿನಿಂದ ಎರಡು ಮೈಲಿ ದೂರದಲ್ಲೇ ನನ್ನ ಅಕ್ಕನ ಮನೆ.

ಭಾವನನ್ನು ಹೊರಡಿಸುವುದೇ ದೊಡ್ಡ ಕೆಲಸವಾಯಿತು. ಕೊಯ್ಲಿನ ಕಾಲ, ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಅವರು ಬಡಗುತಿಟ್ಟಿನ ಯಕ್ಷಗಾನದ ಆಟಗಳಿಗೆ ಹವ್ಯಾಸಕ್ಕೆ ಮದ್ದಳೆ ನುಡಿಸುವವರು. ಆ ಎಳೆಯನ್ನೇ ಹಿಡಿದೆ. ಅರವತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಹುಡುಗರಿಗೆ ಮೂರು ನಿಮಿಷದ ಹಾಡು ಸಾಲದಾಯಿತು, ಒಂದೇ ಹಾಡಿಗೆ ಎಲ್‌ಪಿ ತಟ್ಟೆಯ ಇಡೀ ಒಂದು ಮಗ್ಗುಲನ್ನು ಕೊಡತೊಡಗಿದರು, ನಾಲ್ಕರ ಲೆಕ್ಕ ಬಿಟ್ಟು ಐದು, ಏಳರಲ್ಲಿ ನುಡಿಸಿದರು ಎಂದೆಲ್ಲ ವಿವರಿಸಿ, ಪಿಂಕ್ ಫ್ಲಾಯ್ಡ್ ತಂಡದವರು 1973ರಲ್ಲಿ ತಂದ ‘ಮನಿ’ ಹಾಡನ್ನು ಮೊಬೈಲಿನಲ್ಲಿ ಹಾಕಿದೆ. ಭಾವ ತೊಡೆಯ ಮೇಲೆ ಬೆರಳು ಮಡಚುತ್ತಾ ಕೇಳಿದರು.

“ಇದು ತ್ರಿವುಡೆಯಲ್ಲವೇನೋ?”

ಏಳಕ್ಷರದ ತಾಳ, ಹೌದು. ಗಿಟಾರಿನವನು ಒಂಟಿಯಾಗಿ ಮೆರೆಯುವ ಭಾಗದಲ್ಲಿ ಅದು ನಾಲ್ಕಕ್ಕೆ ಇಳಿಯುತ್ತದೆ. ಅಲ್ಲಿ ಅವರು ಮುಖ ಕಿವುಚಿದರು. ಆದರೂ ಅಂಗಿ ಬದಲಿಸಿ ಬಂದರು.

ನಾಲ್ಕು ಗಂಟೆಗೆ ಎಂದದ್ದು ಐದೂವರೆಗೆ ಶುರುವಾಯಿತು. ಅಂಗಳದ ಒಂದು ಬದಿಗೆ ವೇದಿಕೆ, ಇನ್ನೊಂದು ಬದಿಗೆ ಒಣಹಾಕಿದ ಅಡಿಕೆ, ಎಲ್ಲದರ ಮೇಲೆ ಅಡಿಕೆ ಬೇಯಿಸಿದ ಚೊಗರಿನ ಒಗರು ವಾಸನೆ. ಜನ ಇನ್ನೂರರೊಳಗೆ ಇದ್ದಿರಬೇಕು. ಮೊದಲ ಬ್ಯಾಂಡು ಬೆಂಗಳೂರಿನದು. ಬೆರಳುಗಳ ವೇಗ ನಂಬಲಾಗದಷ್ಟು, ನಿಮಿಷಕ್ಕೆ ನಾಲ್ಕು ಸಲ ತಾಳ ಬದಲು. ನಾಲ್ವರೂ ತಮ್ಮ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು, ಪರೀಕ್ಷೆ ಬರೆಯುವವರ ಹಾಗೆ. ಎರಡನೆಯದರ ಬಗ್ಗೆ ಹೇಳುವುದೇನಿಲ್ಲ. ಮೂರನೆಯದರಲ್ಲಿ ಕೊಳಲು ಊದಿದ ಹುಡುಗಿಯ ಉಸಿರು ಚೆನ್ನಾಗಿತ್ತು, ಹಾಡುಗಳು ಚೆನ್ನಾಗಿರಲಿಲ್ಲ.

ನಾಲ್ಕನೆಯ ಬ್ಯಾಂಡು ಮದ್ದಳೆ ತಂದಿತ್ತು. ಭಾವ ಕುರ್ಚಿಯ ತುದಿಗೆ ಸರಿದರು.

ಅಷ್ಟರಲ್ಲಿ ಎಂಟು ಗಂಟೆ. ಮಂಜು ಇಳಿದು ಕುರ್ಚಿಯ ಕೈಗಳೂ ಒದ್ದೆಯಾಗಿದ್ದವು. ಚಳಿಗೆ ಗಿಟಾರಿನ ಉಕ್ಕಿನ ತಂತಿ ಕುಗ್ಗಿ ಬಿಗಿಯಾಗುತ್ತದೆ, ಶ್ರುತಿ ಮೇಲೇರುತ್ತದೆ. ಮದ್ದಳೆಯ ಚರ್ಮ ತೇವ ಹೀರಿ ಸಡಿಲಾಗುತ್ತದೆ, ಶ್ರುತಿ ಕೆಳಗಿಳಿಯುತ್ತದೆ. ಗಿಟಾರಿನವರು ಹಾಡಿನಿಂದ ಹಾಡಿಗೆ ಯಂತ್ರ ನೋಡಿ ತಂತಿ ಸರಿಮಾಡಿಕೊಳ್ಳುತ್ತಿದ್ದರು. ಮದ್ದಳೆಯ ಹುಡುಗ ಮಧ್ಯಾಹ್ನ ಕೂಡಿಸಿದ್ದನ್ನೇ ನಂಬಿ ಕೂತಿದ್ದ. ಎರಡನೆಯ ಹಾಡಿನ ಹೊತ್ತಿಗೆ ಅದು ಮಡಕೆ ತಟ್ಟಿದ ಹಾಗೆ ಕೇಳಿಸುತ್ತಿತ್ತು. ಹಾಡು ಮುಗಿದದ್ದೇ ಭಾವ ಎದ್ದು ವೇದಿಕೆ ಹತ್ತಿಬಿಟ್ಟರು. ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದೆ. ತಲೆ ಎತ್ತಿದಾಗ ಹುಡುಗ ಮದ್ದಳೆಯನ್ನು ಅವರ ತೊಡೆಗೆ ಒಪ್ಪಿಸಿದ್ದ. ಇವರು ಸುತ್ತಿಗೆ ಹಿಡಿದು ಚರ್ಮದ ಮುಚ್ಚಿಗೆಯ ಅಂಚಿಗೆ ಸುತ್ತಲೂ ಪೆಟ್ಟು ಕೊಡುತ್ತಾ ಗಿಟಾರಿನವನಿಗೆ “ಷಡ್ಜ ಕೊಡಪ್ಪ” ಎನ್ನುತ್ತಿದ್ದರು. ಅವನು ಕೊಟ್ಟ. ಮೂರು ನಿಮಿಷದಲ್ಲಿ ಎರಡೂ ಕೂಡಿದವು. ಜನ ಚಪ್ಪಾಳೆ ತಟ್ಟಿದ್ದು ಅದಕ್ಕೇ ಹೆಚ್ಚು.

ಹಾಗೆಂದು ಆ ಬ್ಯಾಂಡು ಗೆಲ್ಲಲಿಲ್ಲ. ಅವರ ಹಾಡಿನಲ್ಲಿ ಮದ್ದಳೆಗೆ ಕೆಲಸವೇ ಇರಲಿಲ್ಲ, ಹಬ್ಬದ ದಿನ ಬಾಗಿಲಿಗೆ ಕಟ್ಟಿದ ತೋರಣದಂತೆ ಇತ್ತು ಅಷ್ಟೇ.

ಕೊನೆಯ ತಂಡದವರೆಲ್ಲ ಐವತ್ತು ದಾಟಿದವರು. ವೇದಿಕೆಗೆ ಬಂದಾಗ ಒಂಬತ್ತೂ ಇಪ್ಪತ್ತೈದು. ಬಯಲಿನಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು, 2000ನೇ ಇಸವಿಯಿಂದಲೇ ಇರುವ ನಿಯಮ. “ನಮ್ಮ ಆಟಗಳಿಗೂ ಇದೇ ಗತಿ, ಬೆಳಗಿನವರೆಗೆ ಆಗುತ್ತಿದ್ದ ಪ್ರಸಂಗ ಈಗ ಕಾಲಮಿತಿ” ಎಂದರು ಭಾವ. ಕಾಲಮಿತಿಯಲ್ಲಿ ಮೊದಲು ಹಾರಿಹೋಗುವುದು ನಿಧಾನಗತಿಯ ಪದ್ಯಗಳು ಎಂಬುದು ಅವರ ಹಳೆಯ ದೂರು. ಇವರದು ನಲವತ್ತೈದು ನಿಮಿಷದ ಒಂದೇ ಹಾಡು. ಹತ್ತು ನಿಮಿಷ ಕತ್ತರಿಸಲೇಬೇಕಿತ್ತು. ಕತ್ತರಿಸಿದ್ದು ಗಿಟಾರಿನವನು ತನಗೆಂದೇ ಇಟ್ಟುಕೊಂಡಿದ್ದ ಭಾಗವನ್ನು ಎಂದು ಆಮೇಲೆ ಊಟದ ಪಂಕ್ತಿಯಲ್ಲಿ ತಿಳಿಯಿತು. ನಡುವಿನ ನಿಧಾನ ಭಾಗ ಹಾಗೆಯೇ ಉಳಿದಿತ್ತು. ಕೀಬೋರ್ಡಿನ ಒಂದೇ ಸ್ವರ ಎಳೆದು ನಿಂತಿರುವಾಗ ಡ್ರಮ್ಮಿನವನು ಏಳರ ಏಳನೆಯ ಅಕ್ಷರವನ್ನು ಮಾತ್ರ ಕಡ್ಡಿಯ ತುದಿಯಿಂದ ಮುಟ್ಟುತ್ತಿದ್ದ. ಉಳಿದ ಆರನ್ನು ನಾವೇ ಎಣಿಸಿಕೊಳ್ಳಬೇಕು. ಇಡೀ ಅಂಗಳ ಎಣಿಸುತ್ತಿತ್ತು. ಆ ಸಂಜೆಯ ಹಿಂದಿನ ಸುಮಾರು ನಾಲ್ಕು ಗಂಟೆಗಳನ್ನು ನಾನು ಇದೊಂದಕ್ಕಾಗಿ ಮನ್ನಿಸಿದೆ.

ಕೊನೆಯ ಹತ್ತಿರ ಭಾವ ತಟ್ಟನೆ ನನ್ನ ಮೊಣಕೈ ತಿವಿದರು. “ಒಂದಕ್ಷರ ನುಂಗಿದರು.”

ನನಗೆ ಗೊತ್ತಾಗಿರಲಿಲ್ಲ. ಕಡುಬು, ಅಪ್ಪೆಮಿಡಿ ಬಡಿಸಿಕೊಂಡು ಕೂತಾಗ ಡ್ರಮ್ಮಿನವನನ್ನು ಅವರು ಕೇಳಿಯೇ ಕೇಳಿದರು: “ಅದು ಬೇಕೆಂದೇ ಬಿಟ್ಟದ್ದೋ?”

“ಇಲ್ಲ ಸಾರ್, ತಪ್ಪಿತು. ಆದರೆ ನಾಲ್ವರೂ ಒಟ್ಟಿಗೇ ತಪ್ಪಿದೆವು.”

ಭಾವ ಅವನ ಎಲೆಗೆ ಇನ್ನೊಂದು ಕಡುಬು ಹಾಕಿಸಿದರು.

ಮೈಕು ಆರಿದ ಮೇಲೆ ಕೊಟ್ಟಿಗೆಯ ಪಕ್ಕ ಬಲ್ಬಿನ ಕೆಳಗೆ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದವರ ಸದ್ದು ಕೇಳತೊಡಗಿತು. ಸಂಜೆಯಿಂದಲೂ ಅವರು ಅಲ್ಲಿಯೇ ಇದ್ದರಂತೆ. ಜೀಪಿನಲ್ಲಿ ಹಿಂತಿರುಗುವಾಗ ಭಾವ, “ಆ ದುಡ್ಡಿನ ಹಾಡು ಇನ್ನೊಮ್ಮೆ ಹಾಕು” ಎಂದರು. ಹಾಕಿದೆ. ಅದು ನಾಲ್ಕಕ್ಕೆ ಇಳಿಯುವ ಜಾಗ ಬರುವ ಮೊದಲೇ ಮನೆ ಬಂತು.