ಮೂರು ರೊಟ್ಟಿಯ ಮುನಿಸು

ಒಂಬತ್ತನೇ ತರಗತಿಯವರಿಗೆ ಪಶ್ಚಿಮ ಆಫ್ರಿಕಾದ ಚರಿತ್ರೆ ಕಲಿಸಹೊರಟರೆ ಮೊದಲ ಅಡ್ಡಿ ಮೊಬೈಲೇ. ನಾನು ಮಾನ್ಸಾ ಮೂಸಾನ ಹೆಸರೆತ್ತುವಷ್ಟರಲ್ಲಿ ಹಿಂದಿನ ಬೆಂಚಿನಿಂದ ‘ಜಗತ್ತಿನ ಅತಿ ದೊಡ್ಡ ಶ್ರೀಮಂತ, ಅಕ್ಕೋರೇ’ ಎಂಬ ಕೂಗು, ಜೊತೆಗೆ ಡಾಲರಿನ ಲೆಕ್ಕ. ಹದಿನಾಲ್ಕನೇ ಶತಮಾನದ ಮಾಲಿಯ ಅರಸನ ಬೊಕ್ಕಸವನ್ನು ಡಾಲರಿನಲ್ಲಿ ಎಣಿಸಿಟ್ಟ ಪುಣ್ಯಾತ್ಮ ಯಾರೋ! 1324ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟ ಮೂಸಾ ಕೈರೋದಲ್ಲಿ ಧಾರಾಳವಾಗಿ ಚಿನ್ನ ಹಂಚಿದ, ಅಲ್ಲಿ ಚಿನ್ನದ ಬೆಲೆ ಕುಸಿಯಿತು, 12 ವರ್ಷ ಕಳೆದರೂ ಚೇತರಿಸಿಕೊಳ್ಳಲಿಲ್ಲ ಎಂದು ಆ ಕಾಲದ ಅರಬ್ ಲೇಖಕ ಅಲ್-ಉಮರಿ ಬರೆದಿದ್ದಾನೆ. ಇಷ್ಟು ಹೇಳಿ ನಾನು ಮುಂದೆ ಹೋಗುತ್ತೇನೆ. ಸಿರಿವಂತಿಕೆಯ ಕಥೆ ಕೇಳಿ ಮಕ್ಕಳು ಬೆರಗಾಗಬಹುದು, ಯೋಚಿಸುವುದಕ್ಕೆ ಅದರಲ್ಲಿ ಹೆಚ್ಚೇನೂ ಇಲ್ಲ.

ನನಗೆ ಬೇಕಾದವನು ಗೊಣಗುವ ಸಾಕ್ಷಿ. ಇಬ್ನ್ ಬತೂತ ಅಂಥವನು. ಮೂಸಾನ ತಮ್ಮ ಸುಲೈಮಾನ್ ಆಳುತ್ತಿದ್ದಾಗ, 1352ರಲ್ಲಿ, ಮೊರಾಕ್ಕೊದ ಈ ಪ್ರವಾಸಿ ಸಹಾರಾ ದಾಟಿದ. ದಾರಿಯಲ್ಲಿ ತಘಾಜಾ ಎಂಬ ಊರು. ಅಲ್ಲಿ ಮರವಿಲ್ಲ, ಮರಳು ಮಾತ್ರ. ಮನೆ, ಮಸೀದಿಗಳ ಗೋಡೆಗಳೆಲ್ಲ ಉಪ್ಪಿನ ಹಾಸುಗಲ್ಲುಗಳವು, ಮೇಲೆ ಒಂಟೆಯ ಚರ್ಮದ ಮಾಡು. ‘ನಮ್ಮಲ್ಲಾದರೆ ಮೊದಲ ಮಳೆಗೇ ಮನೆ ಕರಗಿ ಹೋಗುತ್ತಿತ್ತು’ ಎಂದ ಒಬ್ಬ. ಸಾಣಿಕಟ್ಟಾದ ಉಪ್ಪಿನ ಆಗರ ನೋಡಿ ಬೆಳೆದವರಿಗೆ ಉಪ್ಪು ಯಾವ ದೊಡ್ಡ ವಸ್ತು? ಆದ್ದರಿಂದ ಬತೂತ ಕೊಟ್ಟ ಬೆಲೆಯನ್ನೇ ಹಲಗೆಯ ಮೇಲೆ ಬರೆದೆ. ಒಂದು ಹೊರೆ ಉಪ್ಪಿಗೆ ಮರುಭೂಮಿಯ ದಕ್ಷಿಣ ಅಂಚಿನ ಊರಾದ ವಲಾತಾದಲ್ಲಿ 8ರಿಂದ 10 ಮಿಸ್ಕಾಲ್ ಚಿನ್ನ, ಮಾಲಿ ನಗರಕ್ಕೆ ತಲುಪಿದರೆ 20ರಿಂದ 30, ಕೆಲವೊಮ್ಮೆ 40. ಮಿಸ್ಕಾಲ್ ಎಂದರೆ ಸುಮಾರು ನಾಲ್ಕೂಕಾಲು ಗ್ರಾಂ. ಲೆಕ್ಕ ಹಾಕಿ ನಾಲ್ಕು ಪಟ್ಟು ಲಾಭ ಎಂದು ಹಿಗ್ಗುತ್ತಿದ್ದವರನ್ನು ಕಿಟಕಿ ಪಕ್ಕದ ಹುಡುಗಿಯ ಪ್ರಶ್ನೆ ನಿಲ್ಲಿಸಿತು: ‘ಅಗೆದವರಿಗೆ ಎಷ್ಟು?’ ಅಗೆಯುತ್ತಿದ್ದವರು ಗುಲಾಮರು. ಬತೂತ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತಾನೆ. ನಾವು ಹಾಗೆ ಸಾಗದೆ ಆ ಪೀರಿಯಡ್ಡಿನ ಉಳಿದ ಹೊತ್ತನ್ನೆಲ್ಲ ಅದಕ್ಕೇ ಕೊಟ್ಟೆವು.

ಮರುದಿನ ಅರಮನೆ. ಅರಸನ ಉಡುಗೊರೆ ಬಂತೆಂದು ತಿಳಿದ ಬತೂತ ಬೆಲೆಬಾಳುವ ನಿಲುವಂಗಿಯನ್ನೂ ಹಣವನ್ನೂ ನಿರೀಕ್ಷಿಸಿದ್ದ. ಬಂದದ್ದು ಮೂರು ರೊಟ್ಟಿ, ಒಂದು ತುಂಡು ಕರಿದ ದನದ ಮಾಂಸ, ಸೋರೆಬುರುಡೆಯಲ್ಲಿ ಮೊಸರು. ಅವನಿಗೆ ನಗು ತಡೆಯಲಾಗಲಿಲ್ಲ. ಕೆಲವು ತಿಂಗಳ ನಂತರ ಅರಸನ ಮುಂದೆಯೇ ನಿಂತು, ಬೇರೆ ಸುಲ್ತಾನರ ಬಳಿ ನಿನ್ನ ಬಗ್ಗೆ ಏನೆಂದು ಹೇಳಲಿ ಎಂದು ಕೇಳಿದ. ಆಮೇಲೆ ಮನೆಯೂ ಸಿಕ್ಕಿತು, ಖರ್ಚಿಗೆ ಹಣವೂ ಸಿಕ್ಕಿತು. ತರಗತಿಯಲ್ಲಿ ನಗೆಯೋ ನಗೆ.

ನಗು ಅಡಗಿದ ಮೇಲೆ ಇನ್ನೊಂದು ಪುಟ ಓದಿಸಿದೆ. ಮಾಲಿಯಲ್ಲಿ ಅನ್ಯಾಯ ಕಡಿಮೆ, ದಾರಿಹೋಕರಿಗೆ ಕಳ್ಳರ ಭಯವಿಲ್ಲ, ಪರದೇಶದವನು ಸತ್ತರೆ ವಾರಸುದಾರ ಬರುವವರೆಗೆ ಅವನ ಆಸ್ತಿಯನ್ನು ನಂಬಿಗಸ್ತರ ಕೈಯಲ್ಲಿ ಕಾಪಾಡುತ್ತಾರೆ. ಬರೆದವನು ಅದೇ ಬತೂತ. ನಂಬಬೇಕೇ ಎಂದು ವಾದ ಎದ್ದಿತು. ಊಟಕ್ಕೆ ಮುನಿಸಿಕೊಂಡವನ ಮಾತಿಗೆ ಬೆಲೆಯಿಲ್ಲ ಎಂದರು ಕೆಲವರು. ಮುನಿಸಿಕೊಂಡವನೇ ಹೊಗಳಿದರೆ ಆ ಹೊಗಳಿಕೆಗೆ ತೂಕ ಹೆಚ್ಚು ಎಂದು ಮೂಲೆಯ ಬೆಂಚಿನವರು ಪಟ್ಟು ಹಿಡಿದರು. ನನ್ನ ಮತ ಮೂಲೆಯ ಬೆಂಚಿಗೆ, ಆದರೆ ಬಾಯಿ ಬಿಡಲಿಲ್ಲ.

ಕೊನೆಗೆ ನಮ್ಮ ಹೊನ್ನಾವರದ ಪುಟ ತೆಗೆದೆ. ಮಾಲಿಗೆ ಹೋಗುವ ವರ್ಷಗಳ ಮುಂಚೆ ಬತೂತ ಇಲ್ಲಿಗೂ ಬಂದಿದ್ದ. ಇಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಎಂದು ಬರೆದಿದ್ದಾನೆ. ಊರಿನ ಹೆಮ್ಮೆಯಲ್ಲಿ ಎಲ್ಲರೂ ತಲೆದೂಗಿದರು, ಅನುಮಾನದ ಸುಳಿವೇ ಇಲ್ಲ. ಆಗ ಕಿಟಕಿ ಪಕ್ಕದವಳು ಮತ್ತೆ ಕೈಯೆತ್ತಿದಳು: ‘ಇಲ್ಲಿ ಅವನಿಗೆ ಊಟ ಚೆನ್ನಾಗಿ ಹಾಕಿದ್ದರೇ, ಅಕ್ಕೋರೇ?’

ಹಾಕಿದ್ದರು. ಅನ್ನ, ತುಪ್ಪ, ಕಾಳುಮೆಣಸು-ಹಸಿಶುಂಠಿ-ಲಿಂಬೆ-ಮಾವಿನ ಉಪ್ಪಿನಕಾಯಿ, ಕೋಳಿ, ಮೀನು, ಕೊನೆಗೆ ಮೊಸರು. ಆದರೂ ಅಲ್ಲಿಯೂ ಒಂದು ಗೊಣಗಾಟ ಇದೆ: ಹನ್ನೊಂದು ತಿಂಗಳು ಹೊನ್ನಾವರದ ಸುಲ್ತಾನನ ಜೊತೆಗಿದ್ದರೂ ರೊಟ್ಟಿಯ ಮುಖ ನೋಡಲಿಲ್ಲವಂತೆ, ಬರೀ ಅನ್ನ.